ನೀವು ಕಳಿಸಿದ ಸರ್ಫ್‌ಬೋರ್ಡಿನ ಅಡಿಭಾಗ ನಾನು ಆರ್ಡರ್ ಮಾಡಿದ್ದಲ್ಲ, ಬೇರೆ ಬೋರ್ಡ್ ಕೊಡಿ ಇಲ್ಲ ಪೂರ್ತಿ ದುಡ್ಡು ವಾಪಸ್ ಕೊಡಿ

ಗ್ರೀವೆನ್ಸ್ ಆಫೀಸರ್ ಅವರಿಗೆ,

ನಮಸ್ಕಾರ. ಆರ್ಡರ್ ನಂಬರ್ ಮೇಲ್‌ನ ಸಬ್ಜೆಕ್ಟಲ್ಲೇ ಉಂಟು, ಫೋಟೋ ಎಲ್ಲ ಅಟ್ಯಾಚ್ ಮಾಡಿದ್ದೇನೆ, ಹಾಗಾಗಿ ಚಾಟಲ್ಲಿ ಕೇಳಿದ ಹಾಗೆ ಪುನಃ ನಂಬರ್ ಕೊಡಿ ಫೋಟೋ ಕೊಡಿ ಅಂತ ಶುರು ಮಾಡ್ಬೇಡಿ ದಯವಿಟ್ಟು. ನಿಮ್ಮ ಸೈಟಲ್ಲಿ ಕನ್ನಡದಲ್ಲೂ ದೂರು ಬರೀಬಹುದು ಅಂತ ಹಾಕಿದ್ದೀರಿ, ಅದಕ್ಕೆ ಕನ್ನಡದಲ್ಲೇ ಬರೀತಿದ್ದೇನೆ, ಓದುವವರು ಒಬ್ರಾದ್ರೂ ಇದ್ದಾರೆ ಅಂದ್ಕೊಳ್ತೇನೆ.

ನಾನು ನಿಮ್ಮಲ್ಲಿ ಮಾಡ್ಸಿದ್ದು 6 ಅಡಿ 2 ಇಂಚಿನ ಕಸ್ಟಮ್ ಬೋರ್ಡ್, ಪಿಯು (ಪಾಲಿಯುರೆಥೇನ್) ಫೋಮ್, ಮೂರು ಫಿನ್ (ಅಡಿಯಲ್ಲಿ ಹಿಂದೆ ಕೂರಿಸುವ ರೆಕ್ಕೆ). ಉದ್ದ ಸರಿ ಉಂಟು, ಬಣ್ಣ ಹೇಳಿದ್ದೇ ಬಂದಿದೆ, ಪ್ಯಾಕಿಂಗ್ ಅಂತೂ ನಿಜವಾಗ್ಲೂ ಗಟ್ಟಿ ಇತ್ತು, ಬಿಚ್ಚುವಷ್ಟರಲ್ಲಿ ಬೆವರು ಬಂತು. ಅದರ ಬಗ್ಗೆ ನಂದು ಒಂದು ಮಾತಿಲ್ಲ. ನಂದು ದೂರು ಬೋರ್ಡಿನ ಅಡಿಭಾಗದ್ದು, ಬಾಟಮ್ ಕಾಂಟೂರ್, ಅಂದ್ರೆ ಅಡಿಯ ಉಬ್ಬು ತಗ್ಗಿನ ಆಕಾರ. ಆರ್ಡರ್ ಶೀಟಲ್ಲಿ ನಿಮ್ಮವರೇ ಬರೆದು ಕನ್ಫರ್ಮ್ ಮಾಡಿದ್ದು ಹೀಗೆ: ನೋಸ್ (ಮುಂದಿನ ತುದಿ) ದಾಟಿದ ಮೇಲೆ ಹಗುರವಾಗಿ ಶುರುವಾಗುವ ಸಿಂಗಲ್ ಕಾನ್ಕೇವ್ (ಒಂದೇ ತಗ್ಗು), ಮುಂದಿನ ಕಾಲಿನ ಕೆಳಗೆ ಬರುವಾಗ 5 ಎಂಎಂ ಆಳ, ಅಲ್ಲಿಂದ ಫಿನ್‌ಗಳ ಎದುರು ಎರಡಾಗಿ ಒಡೆದು ಆಚೆ ಈಚೆ 3 ಎಂಎಂ ಡಬಲ್ ಕಾನ್ಕೇವ್, ಕೊನೆಗೆ ಟೇಲಲ್ಲಿ (ಹಿಂದಿನ ತುದಿ) ಸಣ್ಣ ವೀ, ಅಂದ್ರೆ ನಡುವೆ ಏಣು, ಎರಡೂ ಬದಿಗೆ ಇಳಿಜಾರು. ಈ ಬಾಟಮ್‌ಗೆ ಅಂತಲೇ ಬಿಲ್ಲಲ್ಲಿ ಬೇರೆ ಲೈನ್ ಹಾಕಿ 2,500 ರೂಪಾಯಿ ಎಕ್ಸ್ಟ್ರಾ ತಗೊಂಡಿದ್ದೀರಿ, ಅದು ನೆನಪಿರಲಿ.

ಈಗ ಬಂದದ್ದು ಎಂತ ಅಂದ್ರೆ, ಮುಂದಿನ ಕಾಲು ಬರುವ ಜಾಗದಲ್ಲಿ ತಗ್ಗಿನ ಬದಲು ಉಬ್ಬು. ಸ್ಟೀಲ್ ಸ್ಕೇಲನ್ನು ಅಡ್ಡಕ್ಕೆ ಇಟ್ರೆ ನಡುವೆ ಬೆಳಕು ಕಾಣ್ಬೇಕು ಅಲ್ವಾ, ಕಾನ್ಕೇವ್ ಅಂದ್ರೆ ಅದೇ ತಾನೇ, ಆದ್ರೆ ಇಲ್ಲಿ ಸ್ಕೇಲ್ ನಡುವಿನ ಸ್ಟ್ರಿಂಗರ್ (ಉದ್ದಕ್ಕೂ ಇರುವ ಮರದ ಪಟ್ಟಿ) ಮೇಲೆ ಕೂತು ಆಚೆ ಈಚೆ ತೊನೀತದೆ, ರೈಲ್ (ಬೋರ್ಡಿನ ಬದಿಯ ಅಂಚು) ಕಡೆ 2 ಎಂಎಂ ಗ್ಯಾಪ್. ಅಂದ್ರೆ ಕೇಳಿದ್ದಕ್ಕೂ ಕೊಟ್ಟದ್ದಕ್ಕೂ 7 ಎಂಎಂ ವ್ಯತ್ಯಾಸ, ಅದೂ ಉಲ್ಟಾ ದಿಕ್ಕಿಗೆ. ಫಿನ್ ಎದುರಿನ ಡಬಲ್ ಕಾನ್ಕೇವಲ್ಲಿ ಎಡಗಡೆ 3 ಎಂಎಂ ಸರಿ ಉಂಟು, ಬಲಗಡೆ 1 ಎಂಎಂ ಇದ್ರೆ ಹೆಚ್ಚು. ವೀ ಟೇಲಲ್ಲಿ ಇರುವ ಬದಲು ಬೋರ್ಡಿನ ನಡುವಿಂದಲೇ ಶುರು.

ನಿಮ್ಮ ಮೊದಲ ಉತ್ತರ: ಹ್ಯಾಂಡ್ ಶೇಪ್ ಮಾಡುವಾಗ ಕೆಲವು ಎಂಎಂ ಆಚೀಚೆ ಆಗ್ತದೆ, ಇದರಿಂದ ಪರ್ಫಾರ್ಮೆನ್ಸ್‌ಗೆ ಏನೂ ತೊಂದ್ರೆ ಇಲ್ಲ. ಮಾರಾಯ್ರೆ, ಬೋರ್ಡಿನ ಅಡಿಯ ಕತೆ ನಡೆಯೋದೇ ಆ ಕೆಲವು ಎಂಎಂ ಒಳಗೆ. ಸಾಧಾರಣ ಬೋರ್ಡುಗಳ ಕಾನ್ಕೇವ್ 3ರಿಂದ 6 ಎಂಎಂ ಇರೋದು, 5 ಎಂಎಂ ಕೇಳಿದವನಿಗೆ ಮೈನಸ್ 2 ಕೊಟ್ಟು ಸ್ವಲ್ಪ ಆಚೀಚೆ ಅಂದ್ರೆ ಹೇಗೆ? ನಿಮ್ಮದೇ ಸೈಟಲ್ಲಿ ನಮ್ಮ ಕಾನ್ಕೇವ್ ನಿಮಗೆ ಸ್ಪೀಡ್ ಕೊಡ್ತದೆ ಅಂತ ದೊಡ್ಡಕ್ಷರದಲ್ಲಿ ಹಾಕಿದ್ದೀರಿ. ಮಾರುವಾಗ ಸ್ಪೀಡ್ ಕೊಡ್ತದೆ, ದೂರು ಕೊಟ್ಟಾಗ ಏನೂ ಆಗೋದಿಲ್ಲ, ಇದು ಯಾವ ಲೆಕ್ಕ?

ಕಸ್ಟಮರ್ ಕೇರಲ್ಲಿ ಕೂತವರಿಗೆ ಗೊತ್ತಿಲ್ದೇ ಇರಬಹುದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೇನೆ. ಬೋರ್ಡ್ ಅಲೆ ಮೇಲೆ ಓಡುವಾಗ ಅಡಿಗೆ ಬಡಿದ ನೀರು ಎಲ್ಲಿಗಾದ್ರೂ ಹೋಗ್ಲೇಬೇಕು. ಅಡಿ ಉಬ್ಬಿದ್ರೆ ನೀರು ಎರಡೂ ಬದಿಗೆ ಜಾರಿ ರೈಲ್ ದಾಟಿ ಹೋಗ್ತದೆ, ಬೋರ್ಡನ್ನು ಮೇಲೆ ಎತ್ತುವ ಒತ್ತಡ ಕಡ್ಮೆ ಆಗ್ತದೆ, ಬೋರ್ಡ್ ನೀರಲ್ಲಿ ಕೆಳಗೇ ಕೂತ್ಕೊಳ್ತದೆ. ಕಾನ್ಕೇವ್ ಇದ್ರೆ ಬದಿಗೆ ಓಡಲಿಕ್ಕೆ ಹೊರಟ ನೀರನ್ನು ಒಳಗೆ ಹಿಡಿದು ಹಿಂದಕ್ಕೆ ಟೇಲ್ ಕಡೆಗೆ ದಾಟಿಸ್ತದೆ, ಅದರಿಂದ ಲಿಫ್ಟ್ ಸಿಗ್ತದೆ, ಬೋರ್ಡ್ ಬೇಗ ಎದ್ದು ನೀರಿನ ಮೇಲ್ಮೈಯಲ್ಲಿ ಜಾರ್ತದೆ. ಇದಕ್ಕಿಂತ ಮುಖ್ಯ ವಿಷಯ ಇನ್ನೊಂದುಂಟು, ಅದು ರಾಕರ್, ಅಂದ್ರೆ ನೋಸಿಂದ ಟೇಲ್ ತನಕದ ಬಗ್ಗು. ನಡುವೆ ಕಾನ್ಕೇವ್ ಕೆತ್ತಿದಾಗ ಸ್ಟ್ರಿಂಗರ್ ಮೇಲಿನ ಬಗ್ಗು ಕಡ್ಮೆ ಆಗಿ ಅಲ್ಲಿ ನೇರ ಆಗ್ತದೆ, ರೈಲ್ ಮೇಲಿನ ಬಗ್ಗು ಹಾಗೇ ಉಳೀತದೆ. ಹಾಗಾಗಿ ನೇರ ಓಡುವಾಗ ಚಪ್ಪಟೆ ಬೋರ್ಡಿನ ಸ್ಪೀಡ್, ಬಗ್ಗಿಸಿ ರೈಲ್ ಮೇಲೆ ಹಾಕಿದಾಗ ಬಗ್ಗಿದ ಬೋರ್ಡಿನ ಟರ್ನ್, ಎರಡೂ ಒಂದೇ ಬೋರ್ಡಲ್ಲಿ ಸಿಗ್ತದೆ. ನೀವು ಕಳಿಸಿದ್ದರಲ್ಲಿ ಇದು ಪೂರ್ತಿ ತಲೆಕೆಳಗು, ನಡುವೆ ಬಗ್ಗು ಜಾಸ್ತಿ, ರೈಲಲ್ಲಿ ಕಡ್ಮೆ, ಅಂದ್ರೆ ನೇರ ಓಡುವಾಗ ನೀರು ದೂಡ್ತದೆ, ತಿರುಗಿಸುವಾಗ ಗಟ್ಟಿ.

ಉಬ್ಬು ಬಾಟಮ್ಮೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಹಳೇ ಥರದ ಲಾಂಗ್‌ಬೋರ್ಡಿನ ಮುಂದಿನ ಭಾಗದಲ್ಲಿ ಅದು ಚಂದ, ಕಲಕಿದ ನೀರಲ್ಲಿ ಮೆತ್ತಗೆ ಹೋಗ್ತದೆ, ಅದನ್ನೇ ಬೇಕು ಅಂತ ಮಾಡಿಸುವವರೂ ಇದ್ದಾರೆ. ನಾನು ಅದನ್ನು ಕೇಳಿಲ್ಲ, ಅಷ್ಟೇ.

ಕೇಳಿದ್ದಕ್ಕೆ ಕಾರಣ ಉಂಟು, ಶೇಪರ್ (ಬೋರ್ಡ್ ಕೆತ್ತುವವರು) ಜೊತೆ ಫೋನಲ್ಲಿ ಮಾತಾಡುವಾಗಲೇ ಹೇಳಿದ್ದೆ. ನಾನು ಸರ್ಫ್ ಮಾಡೋದು ಹೆಚ್ಚಾಗಿ ಸಸಿಹಿತ್ಲುವಲ್ಲಿ, ನಂದಿನಿ ಶಾಂಭವಿ ನದಿಗಳು ಸೇರುವ ಅಳಿವೆ ಹತ್ತಿರ, ಒಮ್ಮೊಮ್ಮೆ ತಣ್ಣೀರುಬಾವಿ, ಕಾಪು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಇದೇ ಸಸಿಹಿತ್ಲುವಲ್ಲಿ, ಹಾಗಾಗಿ ಇಲ್ಲಿ ಅಲೆ ಇಲ್ಲ ಅಂತ ಯಾರೂ ಹೇಳೋದು ಬೇಡ. ಆದ್ರೆ ಮಳೆಗಾಲದ ಅಬ್ಬರ ಬಿಟ್ರೆ ನಮ್ಮಲ್ಲಿ ಹೆಚ್ಚಿನ ದಿನ ಸಣ್ಣ ಅಲೆ, ತಳದಲ್ಲಿ ಹೊಯ್ಗೆ, ಬೇಗ ಮುಗಿದು ಹೋಗುವ ಅಲೆ, ಅದರಲ್ಲಿ ಬೋರ್ಡ್ ತಾನಾಗಿ ಬೇಗ ಎದ್ದು ಓಡದಿದ್ರೆ ನೀವು ನಿಲ್ಲುವಷ್ಟರಲ್ಲಿ ಅಲೆ ಖಾಲಿ. ಅದಕ್ಕೆ ಸಿಂಗಲ್ ಕಾನ್ಕೇವ್ ಬೇಕು. ಹಾಗಂತ ತುಂಬಾ ಆಳವೂ ಆಗೋದಿಲ್ಲ, ಮಧ್ಯಾಹ್ನ ಆದ್ರೆ ಕಡಲ ಗಾಳಿ ಎದ್ದು ನೀರೆಲ್ಲ ಕಲಕಿ ಬಿಡ್ತದೆ, ಆಗ ಆಳ ಕಾನ್ಕೇವ್ ಇರುವ ಬೋರ್ಡ್ ಪಟಪಟ ಹಾರ್ತದೆ, ಕಾಲಡಿಯಲ್ಲಿ ನಿಲ್ಲುವುದೇ ಇಲ್ಲ. ಅದಕ್ಕೇ 5 ಎಂಎಂಗೆ ನಿಲ್ಸಿ ಅಂದದ್ದು. ಟೇಲಲ್ಲಿ ವೀ ಕೇಳಿದ್ದು ಒಂದು ರೈಲಿಂದ ಇನ್ನೊಂದು ರೈಲಿಗೆ ಸುಲಭವಾಗಿ ಮಗಚಲಿಕ್ಕೆ, ವೀ ಹಾಕಿದ್ರೆ ಅಲ್ಲಿ ಸ್ವಲ್ಪ ಲಿಫ್ಟ್ ಹೋಗ್ತದೆ, ಅದನ್ನು ತುಂಬಿಸಲಿಕ್ಕೆ ವೀ ಒಳಗೆ ಡಬಲ್ ಕಾನ್ಕೇವ್. ಒಂದಕ್ಕೊಂದು ಲೆಕ್ಕ ಹಾಕಿ ಕೂರಿಸಿದ್ದು ಇದು, ಮೆನು ಕಾರ್ಡ್ ನೋಡಿ ಆರಿಸಿದ್ದಲ್ಲ. ನೀವು ಆ ವೀಯನ್ನು ಎಳೆದು ನಡುವೆ ತಂದು ಹಾಕಿದ್ದೀರಿ, ಲಿಫ್ಟ್ ಬೇಕಾದ ಜಾಗದಲ್ಲೇ ಲಿಫ್ಟ್ ಕೊಂದಿದ್ದೀರಿ.

ಎರಡನೇ ಉತ್ತರ ಇನ್ನೂ ಚಂದ, ರೈಡರ್ ಸ್ಕಿಲ್ ಮತ್ತು ತೂಕದ ಮೇಲೆ ಹೋಗ್ತದೆ ಸರ್ ಅಂತ. ನನ್ನ ಹಳೇ ಬೋರ್ಡ್ ಕೂಡ ಇದೇ ಉದ್ದ, ಇದೇ ಫಿನ್ ತೆಗೆದು ಅದಕ್ಕೆ ಹಾಕಿ ಅದೇ ಬೆಳಿಗ್ಗೆ ಅದೇ ಕಡಲಲ್ಲಿ ಇಳಿದ್ರೆ ಅದು ಓಡ್ತದೆ, ನಿಮ್ಮದು ಟೇಕ್ ಆಫಲ್ಲೇ (ಅಲೆ ಹಿಡಿದು ಎದ್ದು ನಿಲ್ಲುವಾಗ) ಅಂಟಿ ಕೂತ್ಕೊಳ್ತದೆ. ನನಗಿಂತ ತುಂಬಾ ಹಗುರ ಇರುವ, ಮುಲ್ಕಿಯಲ್ಲಿ ಹೊಸಬರಿಗೆ ಕಲಿಸುವ ಹುಡುಗ ಒಬ್ಬ ತಗೊಂಡು ಹೋಗಿ ನೋಡಿದ, ಅವನಿಗೂ ಹಾಗೇ. ಅವನಿಗೂ ಸ್ಕಿಲ್ ಇಲ್ವಾ?

ಎಡ ಬಲ ವ್ಯತ್ಯಾಸದ ಬಗ್ಗೆ ನಿಮ್ಮ ಯಾವ ಮೇಲಲ್ಲೂ ಒಂದಕ್ಷರ ಇಲ್ಲ, ನಂಗೆ ಅದೇ ಹೆಚ್ಚು ಮಂಡೆ ಬಿಸಿ ಮಾಡಿದ್ದು. ಡಿಸೈನ್ ಬೇರೆ ಕೊಟ್ಟದ್ದು ಒಂದು ತಪ್ಪು, ಕೊಟ್ಟ ಡಿಸೈನೂ ಎರಡು ಬದಿ ಎರಡು ಥರ ಇರೋದು ಬೇರೆಯೇ ತಪ್ಪು, ಅದು ಶುದ್ಧ ಕೆಲಸದ ದೋಷ. ಎಡಕ್ಕೆ ಹಾಕಿದ್ರೆ ಬೋರ್ಡ್ ಹಿಡ್ಕೊಳ್ತದೆ, ಬಲಕ್ಕೆ ಹಾಕಿದ್ರೆ ಟೇಲ್ ಜಾರಿ ಹೋಗ್ತದೆ. ಸಮಾಧಾನಕ್ಕೆ ಅಂತ ನೀವು ಹೊಸ ಫಿನ್ ಸೆಟ್ಟಿಗೆ ಕೂಪನ್ ಕಳಿಸಿದ್ದೀರಲ್ಲ, ಅದರಿಂದ ಎಂತ ಆಗ್ತದೆ ಹೇಳಿ? ಬದಿಯ ಫಿನ್‌ಗಳನ್ನು ಹೊರಗೆ ವಾಲಿಸಿ ಮುಂದಿನ ತುದಿ ನೋಸ್ ಕಡೆಗೆ ತಿರುಗಿಸಿ ಕೂರಿಸೋದು, ಆದ್ರೆ ಫಿನ್ ಬಾಕ್ಸ್ ಕೂತದ್ದು ಇದೇ ಅಡಿಯ ಮೇಲೆ ಅಲ್ವಾ, ಎಡದ ತಗ್ಗು ಒಂದು ಕೋನ, ಬಲದ ತಗ್ಗು ಇನ್ನೊಂದು ಕೋನ ಆದ್ರೆ ಫಿನ್‌ಗಳ ವಾಲುವಿಕೆಯೂ ಬೇರೆ ಬೇರೆ. ಯಾವ ಫಿನ್ ತಂದು ಹಾಕಿದ್ರೂ ಆ ಸೊಟ್ಟ ಹೋಗೋದಿಲ್ಲ. ಕೂಪನ್ ವಾಪಸ್ ತಗೊಳ್ಳಿ.

ಫೋನಲ್ಲಿ ಸಿಕ್ಕಿದ ನಿಮ್ಮ ಸೀನಿಯರ್ ಒಬ್ರು ಕಾನ್ಕೇವ್ ಎಲ್ಲ ಈಗಿನ ಫ್ಯಾಶನ್, ಮಾರ್ಕೆಟಿಂಗ್ ಅಂದ್ರು. ಸ್ವಾಮಿ, ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ ಅಣ್ಣತಮ್ಮಂದಿರು ಡಬಲ್ ಕಾನ್ಕೇವ್ ಹಾಕಿದ ಬಾನ್‌ಜರ್ ಬೋರ್ಡ್ ಮಾಡಿದ್ದು 1970ರ ಹೊತ್ತಿಗೆ, ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಮೂರು ಫಿನ್ನಿನ ತ್ರಸ್ಟರ್ ಮಾಡಿದ್ದು 1980ರಲ್ಲಿ, ಮರುವರ್ಷ ಅದರಲ್ಲೇ ಬೆಲ್ಸ್ ಬೀಚ್ ಸ್ಪರ್ಧೆ ಗೆದ್ದದ್ದು. ಅಂದ್ರೆ ನೀವು ದಿನಾ ಮಾರುವ ತ್ರಸ್ಟರಿಗಿಂತಲೂ ಡಬಲ್ ಕಾನ್ಕೇವ್ ಹಳತು. ಫ್ಯಾಶನ್ ಅಂತೆ.

ಇನ್ನು ಆ ಲೋಕಲ್ ರಿಪೇರಿ ಐಡಿಯಾ. ಹತ್ತಿರದ ಫೈಬರ್ ಕೆಲಸದವರಲ್ಲಿ ಉಜ್ಜಿಸಿ ಸರಿ ಮಾಡ್ಕೊಳ್ಳಿ, 1,000 ರೂಪಾಯಿ ತನಕ ನಾವು ಕೊಡ್ತೇವೆ ಅಂತ ಬರೆದಿದ್ದೀರಿ. ಬೆಂಗ್ರೆಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವ ಒಬ್ರ ಹತ್ರ ನಿಜವಾಗ್ಲೂ ತಗೊಂಡು ಹೋದೆ. ಅವರು ಬೋರ್ಡ್ ಮಗಚಿ ಹಾಕಿ ಅಂಗೈಯಿಂದ ಒಮ್ಮೆ ಸವರಿದ್ದಷ್ಟೇ, ಉಂದು ದಾದ (ಇದೆಂತ) ಮಾರಾಯ್ರೆ, ಎರಡು ಬದಿ ಎರಡು ಜನ ಮಾಡಿದ್ದಾ ಅಂತ ಕೇಳಿದ್ರು. ಸರ್ಫಿಂಗ್ ಅವರಿಗೆ ಗೊತ್ತಿಲ್ಲ, ಆದ್ರೆ ನೀರಲ್ಲಿ ಓಡುವ ವಸ್ತುವಿನ ಅಡಿ ಹೇಗಿರಬೇಕು ಅಂತ ನಿಮ್ಮ ಕ್ವಾಲಿಟಿ ಚೆಕ್ಕಿನವರಿಗಿಂತ ಚೆನ್ನಾಗಿ ಗೊತ್ತುಂಟು. ಅವರೇ ಹೇಳಿದ್ದು, ಇದರ ಮೇಲಿನ ಗ್ಲಾಸ್ (ಫೈಬರ್ ಬಟ್ಟೆಯ ಪದರ) ತೆಳು, ಉಜ್ಜಿದ್ರೆ ಬಟ್ಟೆ ಕತ್ತರಿಸಿ ಫೋಮ್ ಹೊರಗೆ ಬರ್ತದೆ, ಉಬ್ಬು ತೆಗೀಬೇಕಾದ್ರೆ ಅಡಿ ಪೂರ್ತಿ ಬಿಚ್ಚಿ ಫೋಮ್ ಕೆತ್ತಿ ಹೊಸದಾಗಿ ಗ್ಲಾಸ್ ಹಾಕ್ಬೇಕು ಅಂತ. ಶೇಪ್ ಫೋಮಲ್ಲಿ ಇರೋದು, ಗ್ಲಾಸಿಂಗ್ ಆದ ಮೇಲೆ ಅದನ್ನು ಬದಲಾಯಿಸಲಿಕ್ಕೆ ಆಗೋದಿಲ್ಲ ಅಂತ ಬೋರ್ಡ್ ಮಾಡುವ ಕಂಪನಿಗೆ ನಾನು ಹೇಳಿ ಕೊಡ್ಬೇಕಾ? ಮತ್ತೆ, ನಾನು ಉಜ್ಜಿಸಿದ್ರೆ ನಾಳೆ ನೀವೇ ಹೇಳ್ತೀರಿ, ಬೋರ್ಡ್ ಟ್ಯಾಂಪರ್ ಆಗಿದೆ, ವಾರಂಟಿ ಇಲ್ಲ. ಗೊತ್ತುಂಟು ನಂಗೆ.

ಹಾಗಾಗಿ ನಂಗೆ ಬೇಕಾದದ್ದು ಇಷ್ಟು. ಆರ್ಡರ್ ಶೀಟಲ್ಲಿ ಇದ್ದ ಹಾಗೇ ಹೊಸ ಬೋರ್ಡ್ ಮಾಡಿ ಕೊಡಿ, ಗ್ಲಾಸ್ ಹಾಕುವ ಮೊದಲು ಅಡಿಗೆ ಸ್ಕೇಲ್ ಇಟ್ಟ ಫೋಟೋ ಕಳಿಸಿ, ಮುಂದಿನ ಕಾಲಿನ ಜಾಗದ್ದು, ಫಿನ್ ಎದುರಿನದ್ದು ಎರಡೂ ಬದಿ, ಟೇಲಿಂದು. ಅದು ಆಗೋದಿಲ್ಲ ಅಂತಾದ್ರೆ ಬೋರ್ಡಿನ ಪೂರ್ತಿ ಹಣ, ಆ 2,500, ಕೊರಿಯರ್ ಚಾರ್ಜ್ ಎಲ್ಲ ವಾಪಸ್ ಹಾಕಿ, ಬೋರ್ಡ್ ನಿಮ್ಮ ಖರ್ಚಲ್ಲೇ ತಗೊಂಡು ಹೋಗಿ. ಕಸ್ಟಮ್ ಐಟಂ ರಿಟರ್ನ್ ಇಲ್ಲ ಅಂತ ಪಾಲಿಸಿ ತೋರಿಸ್ಬೇಡಿ. ನಾನು ಮನಸ್ಸು ಬದಲಾಯಿಸಿ ವಾಪಸ್ ಮಾಡ್ತಿಲ್ಲ, ಕಸ್ಟಮ್ ಅಂತ ದುಡ್ಡು ತಗೊಂಡು ಆ ಕಸ್ಟಮ್ಮನ್ನೇ ನೀವು ಮಾಡಿಲ್ಲ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಒಪ್ಪಿದ ಹಾಗೆ ಇಲ್ಲದ ವಸ್ತುವನ್ನು ವಾಪಸ್ ತಗೊಳ್ಳೋದಿಲ್ಲ ಅನ್ನಲಿಕ್ಕೆ ಮಾರುವವರಿಗೆ ಬರೋದಿಲ್ಲ, ದೂರು ಬಂದ 48 ಗಂಟೆ ಒಳಗೆ ಸಿಕ್ಕಿದೆ ಅಂತ ಗ್ರೀವೆನ್ಸ್ ಆಫೀಸರ್ ತಿಳಿಸ್ಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡ್ಬೇಕು. ಆ ತಿಂಗಳು ಕಾಯ್ತೇನೆ. ಅದರ ಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಮಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಇದೇ ಪತ್ರ, ಇದೇ ಫೋಟೋ ಕೊಡ್ತೇನೆ. ಪೊಕ್ಕಡೆ ಹೆದರಿಸಲಿಕ್ಕೆ ಹೇಳ್ತಿಲ್ಲ, ಮಳೆಗಾಲ ಮುಗಿದು ಕಡಲು ಸರಿ ಆಗುವಷ್ಟರಲ್ಲಿ ನಂಗೆ ಬೋರ್ಡ್ ಬೇಕು, ಅಷ್ಟೇ.

ನೀವೇ ಕಳಿಸಿದ ಬಾಕ್ಸಲ್ಲಿ ಬೋರ್ಡ್ ಪುನಃ ಪ್ಯಾಕ್ ಮಾಡಿ ಇಟ್ಟಿದ್ದೇನೆ. ಪಿಕಪ್‌ಗೆ ಬರುವವರಿಗೆ ಮೊದಲೇ ಸರಿಯಾಗಿ ಹೇಳಿ ಕಳಿಸಿ, ಕಳೆದ ಸಲ ಆರಡಿ ಉದ್ದದ ಬಾಕ್ಸಿಗೆ ಬೈಕಲ್ಲಿ ಹುಡುಗನನ್ನು ಕಳಿಸಿದ್ರಿ, ಪಾಪ ಅವನು ಗೇಟಿಂದಲೇ ನೋಡಿ ವಾಪಸ್ ಹೋದ.

ಇತಿ,
ಹಳೆಯಂಗಡಿಯಿಂದ ನಿಮ್ಮ ಗ್ರಾಹಕ
(ಹೆಸರು, ಫೋನ್ ನಂಬರ್ ಆರ್ಡರಲ್ಲಿ ಉಂಟು)