ಮಗುವಿನ ಶುಗರ್ ನೋಡದೆ ಮನೆಗೆ ಕಳಿಸಿದ ನಿಮ್ಮ ತುರ್ತು ವಿಭಾಗದ ಬಗ್ಗೆ ದೂರು

ಇವರಿಗೆ,
ವೈದ್ಯಕೀಯ ಅಧೀಕ್ಷಕರು
(ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥರ ಗಮನಕ್ಕೂ)

ವಿಷಯ: ನನ್ನ ಏಳು ವರ್ಷದ ಮಗಳಿಗಿದ್ದ ಡಯಾಬಿಟಿಕ್ ಕೀಟೋಅಸಿಡೋಸಿಸ್ (ಸಕ್ಕರೆ ಕಾಯಿಲೆಯಲ್ಲಿ ರಕ್ತ ಆಮ್ಲವಾಗಿ ಜೀವಕ್ಕೇ ಅಪಾಯವಾಗುವ ಸ್ಥಿತಿ) ಅನ್ನು ‘ವೈರಲ್ ಗ್ಯಾಸ್ಟ್ರೋ’ (ವೈರಸ್‌ನಿಂದ ಹೊಟ್ಟೆ ಕೆಡುವುದು) ಎಂದು ಬರೆದು ಮಧ್ಯರಾತ್ರಿ ಮನೆಗೆ ಕಳಿಸಿದ್ದು.

ಮಾನ್ಯರೇ,

ನಿಮ್ಮ ದೂರು ವಿಭಾಗ ಕಳಿಸಿದ ಉತ್ತರ ಓದಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ಫೋನಿನಲ್ಲಿ ಸಾಕಷ್ಟು ಮಾತಾಡಿದ್ದೇನೆ. ಒಮ್ಮೆಯೂ ದನಿ ಏರಿಸಿಲ್ಲ. ಪ್ರತಿ ಸಲ ಬೇರೆ ಯಾರೋ ಫೋನ್ ಎತ್ತುತ್ತಿದ್ದರು, ಪ್ರತಿ ಸಲ ಮೊದಲಿನಿಂದ ಎಲ್ಲವನ್ನೂ ಹೇಳುತ್ತಿದ್ದೆ, ‘ಡಾಕ್ಟರನ್ನು ಕೇಳಿ ತಿಳಿಸುತ್ತೇವೆ ಮೇಡಂ’ ಎನ್ನುತ್ತಿದ್ದರು. ಕೊನೆಗೆ ಬಂದದ್ದು ನಾಲ್ಕು ಸಾಲಿನ ಈಮೇಲ್. ‘ದಾಖಲೆಗಳನ್ನು ಪರಿಶೀಲಿಸಲಾಗಿದೆ. ಮಗುವಿನ ವೈಟಲ್ಸ್ (ನಾಡಿ, ಉಸಿರು, ಜ್ವರದ ಅಳತೆಗಳು) ಸಾಮಾನ್ಯವಾಗಿದ್ದವು. ತಾಯಿ ಆತಂಕದಲ್ಲಿದ್ದರು. ನೀಡಿದ ಚಿಕಿತ್ಸೆ ಸಮರ್ಪಕವಾಗಿದೆ.’

ತಾಯಿ ಆತಂಕದಲ್ಲಿದ್ದದ್ದು ನಿಜ. ಉಳಿದ ಮೂರು ಸಾಲಿನ ಬಗ್ಗೆ ಮಾತಾಡೋಣ.

ಆ ರಾತ್ರಿ ಟ್ರಯಾಜ್ ಮೇಜಿನ ಮುಂದೆ, ಅಂದರೆ ಬಂದ ರೋಗಿಗಳನ್ನು ಮೊದಲು ನೋಡಿ ವಿಂಗಡಿಸುವ ಜಾಗದಲ್ಲಿ, ನಾನು ಹೇಳಿದ್ದನ್ನು ಇಲ್ಲಿ ಮತ್ತೆ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಕಾಗದದಲ್ಲಿ ಅದರ ಅರ್ಧ ಇಲ್ಲ. ಮಗಳು ಸಂಜೆಯಿಂದ ವಾಂತಿ ಮಾಡುತ್ತಿದ್ದಾಳೆ. ಹೊಟ್ಟೆ ನೋವು ಎನ್ನುತ್ತಿದ್ದಾಳೆ. ಭೇದಿ ಇಲ್ಲ, ಜ್ವರ ಇಲ್ಲ. ಇತ್ತೀಚೆಗೆ ನೀರು ಕುಡಿಯುವುದು ತುಂಬಾ ಜಾಸ್ತಿಯಾಗಿದೆ. ರಾತ್ರಿ ಎದ್ದೆದ್ದು ಮೂತ್ರಕ್ಕೆ ಹೋಗುತ್ತಾಳೆ. ಹಾಸಿಗೆ ಒದ್ದೆ ಮಾಡುವುದು ನಿಂತು ವರ್ಷಗಳೇ ಆಗಿದ್ದವು, ಈಗ ಮತ್ತೆ ಶುರುವಾಗಿದೆ. ಬಟ್ಟೆಗಳು ಸಡಿಲವಾಗಿವೆ. ಉಸಿರು ಯಾಕೋ ಬೇರೆ ಥರ ಇದೆ.

ಇಷ್ಟು ಕೇಳಿದ ಮೇಲೆ ಏನು ಮಾಡಬೇಕು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬೆರಳ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಶುಗರ್ ನೋಡಬೇಕು. ಮೀಟರ್ ಕೆಲವೇ ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ. ನಿಮ್ಮ ಟ್ರಯಾಜ್ ಫಾರಂನಲ್ಲೇ ರಕ್ತದ ಶುಗರ್ ಬರೆಯಲು ‘ಜಿಆರ್‌ಬಿಎಸ್’ ಎಂಬ ಜಾಗ ಅಚ್ಚಾಗಿದೆ. ಅದನ್ನು ಅಲ್ಲಿ ಅಚ್ಚು ಹಾಕಿಸಿದವರು ನೀವೇ. ನನ್ನ ಕೈಯಲ್ಲಿರುವ ಪ್ರತಿಯಲ್ಲಿ ಆ ಜಾಗ ಖಾಲಿ ಇದೆ.

ಅದರ ಮೇಲಿನ ಸಾಲು ಖಾಲಿ ಇಲ್ಲ. ಅಲ್ಲಿ ‘ಉಸಿರಾಟ: ನಿಮಿಷಕ್ಕೆ 22’ ಎಂದು ಬರೆದಿದೆ. ಮಗುವಿನ ಉಸಿರು ಎಣಿಸಬೇಕಾದರೆ ಎದೆ ಕಾಣುವಂತೆ ಬಟ್ಟೆ ಸರಿಸಿ, ಗಡಿಯಾರ ಹಿಡಿದು, ಒಂದು ಪೂರ್ತಿ ನಿಮಿಷ ನೋಡಬೇಕು. ನಾನು ಮಗಳ ಕೈ ಹಿಡಿದು ಅಲ್ಲೇ ನಿಂತಿದ್ದೆ. ಯಾರೂ ನೋಡಲಿಲ್ಲ. ಅವಳು ದಪ್ಪ ಸ್ವೆಟರ್ ಹಾಕಿಕೊಂಡಿದ್ದಳು, ಅದನ್ನು ಯಾರೂ ಬಿಚ್ಚಲಿಲ್ಲ. ರಕ್ತದ ಆಮ್ಲಜನಕದ ಮಟ್ಟ (ಸ್ಯಾಚುರೇಷನ್) ನೋಡುವ ಕ್ಲಿಪ್ ಬೆರಳಿಗೆ ಸಿಕ್ಕಿಸಿದರು, ಹಣೆಗೆ ಥರ್ಮಾಮೀಟರ್ ತೋರಿಸಿದರು, ತೂಕ ಎಷ್ಟು ಅಂತ ನನ್ನನ್ನೇ ಕೇಳಿ ಬರೆದುಕೊಂಡರು. ತೂಕದ ಯಂತ್ರ ಮೇಜಿನ ಪಕ್ಕದಲ್ಲೇ ಇತ್ತು. ಹಾಗಾದರೆ ಆ 22 ಎಲ್ಲಿಂದ ಬಂತು? ಬೆಳಗಿನ ಜಾವ ಇನ್ನೊಂದು ಆಸ್ಪತ್ರೆಯಲ್ಲಿ ಎಣಿಸಿದಾಗ ಅದು 44 ಇತ್ತು. ‘ವೈಟಲ್ಸ್ ಸಾಮಾನ್ಯವಾಗಿದ್ದವು’ ಎಂದು ನೀವು ಬರೆದಿರುವುದು ಯಾರೂ ಅಳೆಯದ ಅಂಕಿಯನ್ನು ನಂಬಿ.

ಇನ್ನು ನಿಮ್ಮ ಡ್ಯೂಟಿ ಡಾಕ್ಟರ್ ಜೊತೆ ನಡೆದ ಮಾತು. ಇದನ್ನು ಫೋನಿನಲ್ಲಿ ಯಾರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಆದ್ದರಿಂದ ಪೂರ್ತಿ ಬರೆಯುತ್ತೇನೆ.

ಅವರು ಬಂದವರೇ ಫೈಲ್ ನೋಡಿದರು. ‘ಹೊರಗಡೆ ಏನು ತಿಂದಳು?’ ಎಂದರು. ಹೊರಗೆ ಏನೂ ತಿಂದಿಲ್ಲ ಎಂದೆ. ‘ಏನೂ ತಿನ್ನದೆ ವಾಂತಿ ಆಗುತ್ತಾ?’ ಎಂದರು. ಹೊಟ್ಟೆ ಒತ್ತಿ ನೋಡಿದರು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರು. ‘ಎದೆ ಕ್ಲಿಯರ್ ಇದೆ, ಸ್ಯಾಚುರೇಷನ್ 99 ಇದೆ. ವೈರಲ್ ಗ್ಯಾಸ್ಟ್ರೋ.’

‘ಭೇದಿ ಆಗಿಲ್ಲ ಡಾಕ್ಟ್ರೇ.’

‘ಬೆಳಿಗ್ಗೆ ಶುರುವಾಗುತ್ತೆ ಬಿಡಿ.’

‘ತುಂಬಾ ನೀರು ಕುಡೀತಾಳೆ. ಮೂತ್ರಕ್ಕೂ ತುಂಬಾ ಹೋಗ್ತಾಳೆ.’

‘ನೀರು ಕುಡಿದರೆ ಮೂತ್ರ ಬರದೆ ಇನ್ನೇನು ಬರುತ್ತೆ?’

ಅವರ ಹಿಂದೆ ನಿಂತಿದ್ದ ಹುಡುಗ ನಕ್ಕ. ಇಂಟರ್ನ್ ಇರಬೇಕು. ಅವನಿಗೆ ಕಲಿಯುವ ವಯಸ್ಸು, ಆ ರಾತ್ರಿ ಅವನು ಕಲಿತದ್ದು ಇದು.

ನಾನು ಹತ್ತಿರ ಹೋಗಿ, ಮಗಳಿಗೆ ಕೇಳಿಸದ ಹಾಗೆ, ‘ಹಾಸಿಗೇಲಿ ಮಾಡ್ಕೋತಿದಾಳೆ, ಮೊದಲು ಹೀಗಿರಲಿಲ್ಲ’ ಎಂದೆ. ಅವರು ಮಗಳ ಕಡೆ ತಿರುಗಿ ಜೋರಾಗಿ ಕೇಳಿದರು: ‘ಏನಮ್ಮಾ, ಇಷ್ಟು ದೊಡ್ಡವಳಾಗಿ ಹಾಸಿಗೇಲೇ ಮಾಡ್ಕೋತೀಯಾ? ಸ್ಕೂಲಲ್ಲಿ ಫ್ರೆಂಡ್ಸ್‌ಗೆ ಹೇಳ್ಲಾ?’ ಪರದೆ ಅರ್ಧ ತೆರೆದಿತ್ತು. ಪಕ್ಕದ ಬೆಡ್ಡಿನವರು ಇಣುಕಿ ನೋಡಿದರು. ಮಗಳು ನನ್ನ ತೋಳಿಗೆ ಮುಖ ಒತ್ತಿಕೊಂಡಳು. ಅವಳಿಗೆ ಅಳುವಷ್ಟು ಶಕ್ತಿಯೂ ಇರಲಿಲ್ಲ.

‘ಅವಳ ಉಸಿರು ನೋಡಿ ಡಾಕ್ಟ್ರೇ, ಓಡಿ ಬಂದವಳ ಹಾಗೆ ಉಸಿರಾಡ್ತಿದಾಳೆ.’

‘ಅತ್ತಿದಾಳೆ, ಅದಕ್ಕೆ.’

‘ಅತ್ತಿಲ್ಲ.’

‘ಹಾಗಾದ್ರೆ ನಿಮ್ಮ ಗಾಬರಿ ನೋಡಿ ಅವಳಿಗೂ ಗಾಬರಿ ಆಗಿದೆ.’

ಆಗ ನಾನು ಕೇಳಿದೆ: ‘ಒಂದ್ಸಲ ಶುಗರ್ ನೋಡ್ತೀರಾ?’

ಹೌದು, ಆ ಪರೀಕ್ಷೆಯ ಹೆಸರು ಆ ಕೋಣೆಯಲ್ಲಿ ಒಬ್ಬರ ಬಾಯಲ್ಲಿ ಬಂದಿದ್ದರೆ ಅದು ನನ್ನ ಬಾಯಲ್ಲಿ. ಅವರು ಪೆನ್ ಕೆಳಗಿಟ್ಟರು. ‘ಮನೇಲಿ ದೊಡ್ಡವರು ಯಾರೂ ಇಲ್ವಾ?’ ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ‘ಅಂದ್ರೆ?’ ಎಂದೆ. ‘ನಿಮ್ಮಮ್ಮ, ಅತ್ತೆ, ಯಾರಾದ್ರೂ. ಮಕ್ಕಳಿಗೆ ಹೊಟ್ಟೆ ಕೆಟ್ಟರೆ ಏನು ಮಾಡ್ಬೇಕು ಅಂತ ಗೊತ್ತಿರೋರು. ನಿಮ್ಮ ಹತ್ರ ಮಾತಾಡಿದ್ರೆ ಮುಗಿಯೋದೇ ಇಲ್ಲ. ಸುಮ್ನೆ ಮಗೂಗೆ ಸೂಜಿ ಚುಚ್ಚೋಕಾಗಲ್ಲ.’ ಅದೇ ಉಸಿರಿನಲ್ಲಿ ಸಿಸ್ಟರ್‌ಗೆ ವಾಂತಿ ನಿಲ್ಲುವ ಇಂಜೆಕ್ಷನ್ ಕೊಡಲು ಹೇಳಿದರು. ಅದಕ್ಕೂ ಸೂಜಿಯೇ ಬೇಕಿತ್ತು, ಅಲ್ವಾ?

ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುವುದನ್ನು ನೀವೇ ಓದಿ. ‘ಗ್ಲೂಕೋಸ್ ನೀರು, ಹಣ್ಣಿನ ಜ್ಯೂಸ್ ಜಾಸ್ತಿ ಕೊಡಿ.’ ರಕ್ತದಲ್ಲಿ ಸಕ್ಕರೆ ಉಕ್ಕುತ್ತಿದ್ದ ಮಗುವಿಗೆ ನಿಮ್ಮ ತುರ್ತು ವಿಭಾಗ, ಮೊಹರು ಹಾಕಿ, ಸಹಿ ಮಾಡಿ, ಸಕ್ಕರೆ ಬರೆದುಕೊಟ್ಟಿತು. ನೀವು ಬರೆದದ್ದನ್ನೇ ಅವಳಿಗೆ ಕುಡಿಸಿದೆ.

ಬೆಳಗಿನ ಜಾವದ ಹೊತ್ತಿಗೆ ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು. ಬೇರೆ ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಅಲ್ಲಿಯ ಸಿಸ್ಟರ್ ಅವಳ ಮುಖದ ಹತ್ತಿರ ಬಗ್ಗಿದರು. ‘ಬಾಯಿಂದ ಹಣ್ಣಿನ ಥರ ವಾಸನೆ ಬರ್ತಿದೆ. ನೀರು ಜಾಸ್ತಿ ಕುಡೀತಾಳಾ?’ ಎಂದರು. ಉತ್ತರ ಮುಗಿಯುವ ಮೊದಲೇ ಬೆರಳಿಗೆ ಸೂಜಿ ಚುಚ್ಚಿ ಆಗಿತ್ತು. ಮೀಟರ್ ಅಂಕಿ ತೋರಿಸಲಿಲ್ಲ. ‘ಹೈ’ ಎಂದು ತೋರಿಸಿತು. ಅಳೆಯುವ ಮಿತಿಯನ್ನೇ ದಾಟಿದೆ ಎಂದು ಅದರ ಅರ್ಥ. ರಕ್ತದ ಪಿಎಚ್ 7.02 ಬಂತು. ಈ ಅಂಕಿ ಇಳಿದಷ್ಟೂ ರಕ್ತ ಆಮ್ಲವಾಗಿದೆ ಎಂದು ಅರ್ಥ. ಅದು 7.35ಕ್ಕಿಂತ ಕೆಳಗಿರಬಾರದು. 7.1ಕ್ಕಿಂತ ಕಡಿಮೆಯಾದರೆ ತೀವ್ರ ಸ್ಥಿತಿ ಎಂದು ನಿಮ್ಮ ಪುಸ್ತಕಗಳೇ ಹೇಳುತ್ತವೆ.

ಅಲ್ಲಿಯ ಡಾಕ್ಟರ್ ಸ್ಟೂಲ್ ಎಳೆದುಕೊಂಡು ನನ್ನ ಎದುರು ಕೂತು ವಿವರಿಸಿದರು. ದೇಹದಲ್ಲಿ ಇನ್ಸುಲಿನ್ ಇಲ್ಲದಿದ್ದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಜೀವಕೋಶದ ಒಳಗೆ ಹೋಗುವುದಿಲ್ಲ. ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಅಷ್ಟು ಮೂತ್ರ, ಅಷ್ಟು ಬಾಯಾರಿಕೆ. ದೇಹ ಕೊಬ್ಬನ್ನು ಕರಗಿಸಲು ಶುರು ಮಾಡುತ್ತದೆ, ಕೀಟೋನ್ ಎಂಬ ಆಮ್ಲಗಳು ತುಂಬಿಕೊಳ್ಳುತ್ತವೆ. ವಾಂತಿ, ಹೊಟ್ಟೆ ನೋವು ಬರುವುದು ಆಗ. ಆ ಆಮ್ಲವನ್ನು ತಗ್ಗಿಸಲು ದೇಹ ಆಳವಾಗಿ, ಬೇಗ ಬೇಗ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತದೆ. ಶ್ವಾಸಕೋಶದಲ್ಲಿ ತೊಂದರೆ ಇರುವುದಿಲ್ಲ. ಆದ್ದರಿಂದ ಎದೆ ಕ್ಲಿಯರ್ ಇರುತ್ತದೆ, ಸ್ಯಾಚುರೇಷನ್ 99 ಇರುತ್ತದೆ. ನಿಮ್ಮ ಡಾಕ್ಟರಿಗೆ ಧೈರ್ಯ ಕೊಟ್ಟ ಆ ಎರಡು ವಿಷಯಗಳೇ ಅವರನ್ನು ನಿಲ್ಲಿಸಿ ಯೋಚಿಸುವಂತೆ ಮಾಡಬೇಕಿತ್ತು. ಈ ಉಸಿರನ್ನು ಜರ್ಮನಿಯ ಅಡಾಲ್ಫ್ ಕುಸ್‌ಮಾಲ್ 1874ರಲ್ಲೇ ವಿವರಿಸಿದ್ದರು. ಆಗ ಸ್ಯಾಚುರೇಷನ್ ನೋಡುವ ಕ್ಲಿಪ್ ಇರಲಿಲ್ಲ. ಅವರು ರೋಗಿಯನ್ನು ನೋಡಿ ಬರೆದರು.

ಇನ್ನೊಂದು ಮಾತನ್ನೂ ಆ ಡಾಕ್ಟರ್ ಹೇಳಿದರು. ವಾಂತಿ ಭೇದಿಯಿಂದ ಒಣಗಿದ ಮಗು ಮೂತ್ರ ಕಡಿಮೆ ಮಾಡುತ್ತದೆ. ಒಣಗಿದ ಮಗು ಮೂತ್ರ ಮಾಡುತ್ತಲೇ ಇದ್ದರೆ ಕಾರಣ ಬೇರೆ ಎಂದು ಅಲ್ಲೇ ಹುಡುಕಬೇಕು. ನಾನು ನಿಮ್ಮ ಡಾಕ್ಟರಿಗೆ ಹೇಳಿದ್ದು ಇದನ್ನೇ ಅಲ್ವಾ? ಅವರು ನಗೆಯಾಡಿದ್ದು ಇದನ್ನೇ.

ಆಮೇಲಿನದ್ದು ಮಕ್ಕಳ ಐಸಿಯು. ಮೊದಲು ಸಲೈನ್, ಅದೂ ಲೆಕ್ಕ ಹಾಕಿ. ಅದಾಗಿ ಒಂದು ಗಂಟೆಯ ನಂತರ ಇನ್ಸುಲಿನ್, ಒಮ್ಮೆಗೇ ಕೊಡದೆ ಪಂಪಿನಲ್ಲಿ ಹನಿಹನಿಯಾಗಿ. ಇನ್ಸುಲಿನ್ ಶುರುವಾದರೆ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ ಎಂದು ಅದನ್ನೂ ಸೇರಿಸಿದರು. ಗಂಟೆಗೊಮ್ಮೆ ಶುಗರ್. ಗಂಟೆಗೊಮ್ಮೆ ಎಬ್ಬಿಸಿ ಕಣ್ಣಿಗೆ ಟಾರ್ಚ್ ಬಿಟ್ಟು ‘ತಲೆ ನೋಯ್ತಿದೆಯಾ ಪುಟ್ಟಾ?’ ಎಂದು ಕೇಳುತ್ತಿದ್ದರು. ಮಿದುಳು ಊದಿಕೊಳ್ಳುವ ಭಯ ಅದು. ನೂರರಲ್ಲಿ ಒಂದು ಮಗುವಿಗಿಂತ ಕಡಿಮೆ ಮಕ್ಕಳಲ್ಲಿ ಆಗುತ್ತದಂತೆ, ಆದರೆ ಈ ಸ್ಥಿತಿಯಲ್ಲಿ ಮಕ್ಕಳು ಸಾಯುವುದು ಹೆಚ್ಚಾಗಿ ಅದರಿಂದಲೇ. ಆ ‘ನೂರರಲ್ಲಿ ಒಂದು’ ಎಂಬ ಮಾತನ್ನು ಹಿಡಿದುಕೊಂಡು ನಾನು ಐಸಿಯು ಬಾಗಿಲಲ್ಲಿ ಹೇಗೆ ಕೂತಿದ್ದೆ ಎಂದು ನಿಮ್ಮ ನಾಲ್ಕು ಸಾಲಿನ ಈಮೇಲ್ ಬರೆದವರಿಗೆ ಒಮ್ಮೆ ಹೇಳಿ.

ಮಗಳು ಉಳಿದಳು. ಅವಳಿಗೆ ಟೈಪ್ 1 ಡಯಾಬಿಟಿಸ್. ಇದು ನೀವು ಕೊಟ್ಟ ಕಾಯಿಲೆ ಅಲ್ಲ, ಹಾಗೆಂದು ನಾನು ಎಲ್ಲೂ ಹೇಳಿಲ್ಲ. ಆದರೆ ರಾತ್ರಿ ಪತ್ತೆಯಾಗಿದ್ದರೆ ಆಮ್ಲ ಅಷ್ಟು ಏರುವ ಮೊದಲೇ ಚಿಕಿತ್ಸೆ ಶುರುವಾಗುತ್ತಿತ್ತು. ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದ್ದು 1922ರ ಜನವರಿಯಲ್ಲಿ. ಔಷಧಿ ಬಂದು ನೂರು ವರ್ಷ ದಾಟಿದೆ. ಈಗಲೂ ಮಗು ಈ ಕಾಯಿಲೆಯಿಂದ ಸಾವಿನ ಬಾಗಿಲಿಗೆ ಹೋಗುವುದು ಹಲವು ಸಲ ಯಾರೂ ಪರೀಕ್ಷೆ ಮಾಡದೆ ಬಿಟ್ಟಾಗ.

ನಿಮ್ಮ ದೂರು ವಿಭಾಗದವರೊಬ್ಬರು ಫೋನಿನಲ್ಲಿ ‘ವಾಂತಿ ಅಂತ ಬರೋ ಮಕ್ಕಳಿಗೆಲ್ಲಾ ಶುಗರ್ ನೋಡ್ತಾ ಕೂರೋಕಾಗುತ್ತಾ ಮೇಡಂ?’ ಎಂದು ಕೇಳಿದ್ದರು. ಆಗುತ್ತದೆ. ಲಕ್ಷಣ ಗುರುತಿಸಿ ಬೇಗ ಶುಗರ್ ನೋಡಿದರೆ ಏನಾಗುತ್ತದೆ ಎಂದು ಇಟಲಿಯ ಪಾರ್ಮಾ ಪ್ರಾಂತ್ಯದಲ್ಲಿ 1990ರ ದಶಕದಲ್ಲೇ ತೋರಿಸಿದ್ದಾರೆ. ಹಾಸಿಗೆ ಒದ್ದೆ ಮಾಡದ ಮಗು ಮತ್ತೆ ಶುರು ಮಾಡಿದರೆ ಡಯಾಬಿಟಿಸ್ ಇರಬಹುದು ಎಂಬ ಪೋಸ್ಟರನ್ನು ಶಾಲೆಗಳಲ್ಲಿ, ಮಕ್ಕಳ ಡಾಕ್ಟರ ಕ್ಲಿನಿಕ್‌ಗಳಲ್ಲಿ ಅಂಟಿಸಿದರು. ಡಾಕ್ಟರುಗಳಿಗೆ ಶುಗರ್ ನೋಡುವ ಸಾಧನ ಕೊಟ್ಟರು. ಹೊಸದಾಗಿ ಡಯಾಬಿಟಿಸ್ ಪತ್ತೆಯಾದ ಮಕ್ಕಳಲ್ಲಿ ಕೀಟೋಅಸಿಡೋಸಿಸ್‌ಗೆ ಹೋದವರು ನೂರಕ್ಕೆ 78 ಇದ್ದದ್ದು 12.5ಕ್ಕೆ ಇಳಿಯಿತು. ನನ್ನ ಮಗಳನ್ನು ಎಲ್ಲರೆದುರು ನಾಚಿಸಲು ನಿಮ್ಮ ಡಾಕ್ಟರ್ ಬಳಸಿದ ಅದೇ ಲಕ್ಷಣವನ್ನು ಅಲ್ಲಿ ಗೋಡೆಗೆ ಅಂಟಿಸಿ ಮಕ್ಕಳನ್ನು ಉಳಿಸಿದರು.

ನನಗೆ ಬಿಲ್ಲಿನ ಹಣ ವಾಪಸ್ ಬೇಡ. ನಿಮ್ಮ ಕಡೆಯವರು ಅದರ ಮಾತು ತೆಗೆದಾಗ ಇನ್ನೂ ಸಿಟ್ಟು ಬಂತು. ವಾಂತಿ, ಹೊಟ್ಟೆ ನೋವು ಅಥವಾ ವೇಗದ ಉಸಿರು ಎಂದು ಬರುವ ಪ್ರತಿ ಮಗುವಿಗೂ ಟ್ರಯಾಜ್‌ನಲ್ಲೇ ಶುಗರ್ ನೋಡಬೇಕು ಎಂಬ ಲಿಖಿತ ಆದೇಶ ಬೇಕು, ಅದರ ಪ್ರತಿ ನನಗೂ ಬೇಕು. ಆ ಡಾಕ್ಟರ್ ನನ್ನ ಮಗಳ ಹತ್ತಿರ ಕ್ಷಮೆ ಕೇಳಬೇಕು. ನನ್ನ ಹತ್ತಿರ ಅಲ್ಲ, ಅವಳ ಹತ್ತಿರ. ಈಗಲೂ ಮೂತ್ರಕ್ಕೆ ಹೋಗಬೇಕು ಎಂದು ಹೇಳಲು ಅವಳು ನನ್ನ ಕಿವಿಯ ಹತ್ತಿರ ಬರುತ್ತಾಳೆ.

ಉಸಿರು ಎಣಿಸದೆ 22 ಎಂದು ಬರೆದವರು ಯಾರು ಎಂಬುದಕ್ಕೂ ಉತ್ತರ ಬೇಕು. ಟ್ರಯಾಜ್ ಮೇಜಿನ ಮೇಲೆ ಕ್ಯಾಮೆರಾ ಇರುವುದನ್ನು ನಾನು ನೋಡಿದ್ದೇನೆ. ಆ ರಾತ್ರಿಯ ದೃಶ್ಯಗಳನ್ನು ಅಳಿಸಬಾರದು ಎಂದು ಈ ಪತ್ರದ ಮೂಲಕ ಲಿಖಿತವಾಗಿ ತಿಳಿಸುತ್ತಿದ್ದೇನೆ. ಇನ್ನು ಮುಂದೆ ‘ಹಳೆಯ ರೆಕಾರ್ಡಿಂಗ್ ತಾನಾಗಿ ಅಳಿಸಿಹೋಯಿತು’ ಎನ್ನಲು ನಿಮಗೆ ದಾರಿ ಇಲ್ಲ. ಫಾರಂ, ಡಿಸ್ಚಾರ್ಜ್ ಚೀಟಿ, ಇನ್ನೊಂದು ಆಸ್ಪತ್ರೆಯ ಮೊದಲ ಗಂಟೆಯ ರಿಪೋರ್ಟ್, ನಿಮ್ಮ ಈಮೇಲ್, ನಾಲ್ಕನ್ನೂ ಒಟ್ಟಿಗೆ ಇಟ್ಟಿದ್ದೇನೆ. ಹದಿನೈದು ದಿನದೊಳಗೆ ನಿಮ್ಮ ಸಹಿ ಇರುವ ಉತ್ತರ ಬರದಿದ್ದರೆ ಅವು ವೈದ್ಯಕೀಯ ಮಂಡಳಿಗೆ ಹೋಗುತ್ತವೆ, ಅಲ್ಲಿಂದ ಕೋರ್ಟಿಗೆ. ನಿಮ್ಮ ಡಾಕ್ಟರ್ ಹೇಳಿದ್ದು ಸರಿ, ನನ್ನ ಹತ್ತಿರ ಮಾತಾಡಿದರೆ ಮುಗಿಯುವುದಿಲ್ಲ. ಇನ್ನೂ ಶುರುವೇ ಆಗಿಲ್ಲ ಎಂದು ಅವರಿಗೆ ತಿಳಿಸಿ.

ಇಂತಿ,
‘ಆತಂಕದಲ್ಲಿದ್ದ’ ತಾಯಿ