ಪಹಣಿಯಲ್ಲಿ ಹೆಸರಿಲ್ಲದವರು

ಪ್ರೀತಿಯ ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನಗೆ ಸೋಲಾರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು ಅಂತ ಕೇಳಿ ನಿಮ್ಮತ್ತೆ ಅವತ್ತೇ ಪಾಯಸ ಮಾಡಿದಳು. ಮೊನ್ನೆ ಫೋನಿನಲ್ಲಿ ನೀನು, “ಕೊಪ್ಪಳದ ಕಡೆ ಹೋಗಿ ರೈತರನ್ನ ಜಮೀನು ಗುತ್ತಿಗೆಗೆ ಒಪ್ಪಿಸಬೇಕು ಮಾವ. ನೀವು ಒಪ್ಪಿ ಕೊಟ್ಟವರಲ್ವಾ, ಏನಾದ್ರೂ ಹೇಳಿ” ಅಂದೆ. ನಿಂತ ಕಾಲಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಪಾವಗಡದ ಸೋಲಾರ್ ಪಾರ್ಕ್ ನಿನಗೆ ಗೊತ್ತೇ ಇದೆ. ತಿರುಮಣಿ, ವಳ್ಳೂರು, ಬಳಸಮುದ್ರ ಎಲ್ಲಾ ಸೇರಿ ಐದು ಊರಿನ ಸುಮಾರು 13,000 ಎಕರೆ. 2018ರ ಮಾರ್ಚ್‌ನಲ್ಲಿ ಶುರುವಾಗಿ, ಮುಂದಿನ ವರ್ಷದ ಕೊನೆಗೆ 2,050 ಮೆಗಾವಾಟ್ ಮುಟ್ಟಿತು. ಇಲ್ಲಿ ಯಾರೂ ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟೆವು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಜಾಸ್ತಿ. ನನ್ನ ಆರು ಎಕರೆಗೆ ಮೊದಲ ವರ್ಷ 1,26,000 ಬಂತು. ಮಳೆ ನಂಬಿ ಕಡಲೆಕಾಯಿ ಹಾಕಿ, ಬಿತ್ತನೆ ಬೀಜದ ದುಡ್ಡೂ ಕೈಗೆ ಬಾರದ ವರ್ಷಗಳನ್ನು ಎಷ್ಟೋ ನೋಡಿದವನು ನಾನು. ಆ ಬಾಡಿಗೆಯಿಂದ ಸಾಲ ತೀರಿತು. ಭೂಮಿ ಇವತ್ತಿಗೂ ನನ್ನ ಹೆಸರಿನಲ್ಲೇ ಇದೆ. ಕಲ್ಲಿದ್ದಲು ಸುಡೋದು ನಿಲ್ಲಲೇಬೇಕು, ಬಿಸಿಲಿನಿಂದ ಕರೆಂಟು ಬರಬೇಕು. ನೀನು ಹಿಡಿದಿರೋ ಕೆಲಸ ಒಳ್ಳೆಯದು ಕಣಮ್ಮ. ಅದರಲ್ಲಿ ನನಗೆ ಅನುಮಾನ ಇಲ್ಲ.

ಆದರೆ ಕಾಗದಕ್ಕೆ ಸಹಿ ಹಾಕಿದ ದಿನ ನಾನೊಂದು ತಪ್ಪು ಮಾಡಿದೆ.

ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು ಇರುತ್ತೆ. 12ನೇ ಕಾಲಂನಲ್ಲಿ ಉಳುವವರ ಹೆಸರು, ಬೆಳೆ. ಎರಡರಲ್ಲೂ ನನ್ನ ಹೆಸರೇ ಇತ್ತು. ನಮ್ಮ ಹೊಲದಲ್ಲಿ ಇಪ್ಪತ್ತು ವರ್ಷ ಕಳೆ ಕಿತ್ತವಳ ಹೆಸರು 9ರಲ್ಲೂ ಇಲ್ಲ, 12ರಲ್ಲೂ ಇಲ್ಲ. ಆ ಅಕ್ಕನನ್ನು ನೀನು ಬಲ್ಲೆ. ಬಿತ್ತನೆಗೆ ಬರುತ್ತಿದ್ದಳು, ಕಳೆಗೆ ಬರುತ್ತಿದ್ದಳು, ಕಾಯಿ ಕೀಳೋದಕ್ಕೆ, ಬಿಡಿಸೋದಕ್ಕೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುತ್ತಿದ್ದಳು. ಎಲ್ಲಾ ಮುಗಿದ ಮೇಲೆ ಹಕ್ಕಲು. ಗಿಡ ಕಿತ್ತಾಗ ಮಣ್ಣಿನಲ್ಲೇ ಉಳಿದ ಕಾಯಿಯನ್ನು ಒಂದೊಂದಾಗಿ ಕೆದಕಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ವರ್ಷದ ಚಟ್ನಿಪುಡಿಗೆ, ಒಂದಿಷ್ಟು ಎಣ್ಣೆಗೆ ಅದೇ ಆಗುತ್ತಿತ್ತು. ಹಕ್ಕಲಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಯಾವ ದಾಖಲೆಯಲ್ಲೂ ಅದು ಇರಲೂ ಇಲ್ಲ.

ಸಹಿ ಹಾಕಿ ಹೊರಗೆ ಬಂದರೆ ಬಾಗಿಲಲ್ಲೇ ನಿಂತಿದ್ದಳು. “ಅಣ್ಣಾ, ಇನ್ನು ಮೇಲೆ ನಾವು ಯಾರ ಹೊಲಕ್ಕೆ ಹೋಗೋಣ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಜಮೀನು ನೆಚ್ಚಿಕೊಂಡು ಬೇರೆ ಯಾರಿದ್ದಾರೆ ಅಂತ ಒಳಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳದಿದ್ದರೂ ನಾನು ಹೇಳಬಹುದಿತ್ತು. ಹೇಳಲಿಲ್ಲ.

ಯೋಚನೆ ಮಾಡು ಪುಟ್ಟಿ. ಆ ಮನೆಯಲ್ಲಿ ಒಂದು ಬೈಕೂ ಇಲ್ಲ. ಭೂಮಿ ಬಿಸಿಯಾಗೋದಕ್ಕೆ ಅವಳು ಹಾಕಿದ ಹೊಗೆ ಎಷ್ಟು? ಮಳೆ ಕೈಕೊಟ್ಟರೆ ಮೊದಲು ಕೂಲಿ ತಪ್ಪೋದು ಅವಳಿಗೆ. ಈಗ ಅದಕ್ಕೆ ಮದ್ದು ಬಂತು, ಮೊದಲು ಕೂಲಿ ತಪ್ಪಿದ್ದೂ ಅವಳಿಗೇ. ಕುರಿ ಮೇಯಿಸೋರದ್ದೂ ಇದೇ ಕಥೆ. ಬೀಳು ಜಮೀನಿಗೆ ಬೇಲಿ ಬಿತ್ತು, ಮಂದೆ ಮಾರಿದರು. 2015ರ ಪ್ಯಾರಿಸ್ ಹವಾಮಾನ ಒಪ್ಪಂದವನ್ನು ನೀನು ಓದಿರುತ್ತೀಯ. ಈ ಬದಲಾವಣೆ ದುಡಿಯೋರಿಗೆ ನ್ಯಾಯವಾಗಿರಬೇಕು, ಒಳ್ಳೆಯ ಕೆಲಸ ಹುಟ್ಟಬೇಕು ಅಂತ ಅದರ ಪೀಠಿಕೆಯಲ್ಲೇ ಇದೆ. ಪ್ಯಾರಿಸ್‌ನಲ್ಲಿ ಬರೆದ ಆ ಮಾತು ಹೊಲದ ಬದುವಿನ ತನಕ ಬರಬೇಕಾದರೆ ನಿನ್ನಂಥವರೇ ಹೊತ್ತು ತರಬೇಕು.

ಕೆಲಸ ಸಿಗಲೇ ಇಲ್ಲ ಅಂತಲ್ಲ. ಕಂಬ ನೆಡುವಾಗ, ಪ್ಯಾನೆಲ್ ಕೂರಿಸುವಾಗ ಊರಿಗೆ ಊರೇ ದುಡಿಯಿತು. ಕಟ್ಟಿ ಮುಗಿದ ಮೇಲೆ ಉಳಿದದ್ದು ಹುಲ್ಲು ಕೊಯ್ಯೋದು, ಪ್ಯಾನೆಲ್ ತೊಳೆಯೋದು, ಸೆಕ್ಯುರಿಟಿ. ಬಿಸಿಲಿನ ಬೆಳೆಗೆ ಹೊಲದಷ್ಟು ಆಳು ಬೇಡ ನೋಡು. ಸೋಲಾರ್ ಕಲಿಸೋ ಸೂರ್ಯಮಿತ್ರ ತರಬೇತಿ ಇದೆ, 600 ಗಂಟೆಯದ್ದು. ಆದರೆ ಅದಕ್ಕೆ ಐಟಿಐ ಓದಿರಬೇಕು ಅಂತಾರೆ. ಕೂಲಿ ಹೋದ ಮನೆಯಲ್ಲಿ ಐಟಿಐ ಓದಿದವರು ಎಷ್ಟು ಜನ ಸಿಗುತ್ತಾರೆ?

ಅದಕ್ಕೇ ನೀನು ಹಳ್ಳಿಗೆ ಹೋದಾಗ ಬೆಳಿಗ್ಗೆ ಗೌಡರ ಜಗಲಿ ಮೇಲೆ ಕೂತು ಕೆಲಸ ಮುಗೀತು ಅಂದುಕೊಳ್ಳಬೇಡ. ಸಂಜೆ ಕೇರಿಗೆ ಹೋಗು. ಕೂಲಿಗೆ ಹೋದವರು ಮನೆಗೆ ಬರೋದೇ ಆಗ. ಯಾವ ತಿಂಗಳು ಯಾರ ಹೊಲ, ಎಷ್ಟು ದಿನದ ಕೆಲಸ ಅಂತ ಹೆಂಗಸರನ್ನು ಕೇಳು. ಅವರು ಬೆರಳೆಣಿಸಿ ಹೇಳುತ್ತಾರೆ. ಬಗರ್ ಹುಕುಂ, ಅಂದರೆ ಹಕ್ಕುಪತ್ರ ಇಲ್ಲದೆ ಸರ್ಕಾರಿ ಜಮೀನು ಉಳುಮೆ ಮಾಡೋರು ಇದ್ದರೆ ಅವರನ್ನೂ ಬಿಡಬೇಡ. ಕೈಯಲ್ಲಿ ಪಹಣಿ ಇಲ್ಲದವರಿಗೆ ಯಾರೂ ಬಾಡಿಗೆ ಕೊಡೋದಿಲ್ಲ.

“ನಾನು ಹೊಸಬಳು, ನನ್ನ ಕೈಲಿ ಏನಿದೆ ಮಾವ” ಅನ್ನಬಹುದು. ಬರೆಯೋದು ನಿನ್ನ ಕೈಲಿ ಇದೆಯಲ್ಲ. ನಿಮ್ಮ ಫಾರಂನಲ್ಲಿ ಇವರಿಗೆ ಜಾಗ ಇಲ್ಲದಿದ್ದರೆ ಒಂದು ಹಾಳೆ ಹೆಚ್ಚು ಸೇರಿಸು. ಹುಲ್ಲಿನ ಕೆಲಸ, ತೊಳೆಯೋ ಕೆಲಸ ಮೊದಲು ಭೂಮಿ ಇಲ್ಲದ ಮನೆಗೆ ಅಂತ ಒಪ್ಪಂದದಲ್ಲೇ ಬರೆಸೋಕೆ ನೋಡು. ಕಾಂಟ್ರಾಕ್ಟರು ಬದಲಾದಾಗ ಆಳು ಬದಲಾಗಬಾರದು, ಅದನ್ನೂ ಸೇರಿಸು. ಪ್ಯಾನೆಲ್ ಕೆಳಗಿನ ಹುಲ್ಲಿಗೆ ಕುರಿ ಬಿಡಬಹುದಾ ಅಂತ ನಿಮ್ಮ ಇಂಜಿನಿಯರುಗಳನ್ನು ಕೇಳು. ಒಂದು ಸಲ ಬೇಡ ಅಂದರೆ ಇನ್ನೊಂದು ಸಲ ಕೇಳು. ಸೋಲಾರ್ ಅಂದರೆ ದೊಡ್ಡ ಪಾರ್ಕ್ ಮಾತ್ರ ಅಂದುಕೊಳ್ಳೋದೂ ಬೇಡ. 1995ರಲ್ಲಿ ಬೆಂಗಳೂರಲ್ಲಿ ಶುರುವಾದ ಸೋಲಾರ್ ಸಂಸ್ಥೆ ಸೆಲ್ಕೋದವರು ಹೊಲಿಗೆ ಯಂತ್ರ, ರೊಟ್ಟಿ ಯಂತ್ರಕ್ಕೆ ಸೋಲಾರ್ ಹಾಕಿಸಿ ಹೆಂಗಸರ ಕೈಗೆ ಮನೆ ಹತ್ತಿರವೇ ಕೆಲಸ ಸಿಗುವ ಹಾಗೆ ಮಾಡಿದ್ದಾರೆ. ನಿನ್ನ ಕೊಪ್ಪಳದ ಕಡೆ ಜೋಳದ ರೊಟ್ಟಿ ಬಡಿಯೋ ಕೈಗಳಿಗೆ ಬರ ಇಲ್ಲ. ಅಂಥದ್ದು ಒಂದೆರಡು ಹೋಗಿ ನೋಡಿ ಬಾ.

ಯುಗಾದಿಗೆ ರಜೆ ಸಿಕ್ಕರೆ ಎರಡು ದಿನ ಇರುವ ಹಾಗೆ ಬಾ. ಆ ಅಕ್ಕನ ಮನೆಗೆ ಹೋಗೋಣ. ನೀನು ಚಿಕ್ಕವಳಿದ್ದಾಗ ಬದುವಿನ ಮೇಲೆ ಕೂರಿಸಿ ಹಸಿ ಕಡಲೆಕಾಯಿ ಸುಲಿದು ತಿನ್ನಿಸಿದವಳು. ಮಗ ಬೆಂಗಳೂರು ಸೇರಿದ್ದಾನೆ, ಈಗ ಒಬ್ಬಳೇ ಇದ್ದಾಳೆ. ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದಳು. ಕಾಲು ಕೆಜಿ ಕಡಲೆಬೀಜ ಕಟ್ಟಿಸಿಕೊಳ್ಳುತ್ತಿದ್ದಳು, ದುಡ್ಡು ಕೊಟ್ಟು.

ಇಂತಿ,
ನಿನ್ನ ಮಾವ