ಇಂಟರ್ನ್‌ಶಿಪ್ ಮುಗಿಯುವ ಮುನ್ನ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ,

ಈ ಶುಕ್ರವಾರ ನಮ್ಮ ಬ್ಯಾಚಿನ ಕೊನೆಯ ದಿನ. ಅಂದು ಸಂಜೆಯೇ ಆಫೀಸಿನ ಇಮೇಲ್, ಲಾಗಿನ್ ಎರಡೂ ಬಂದ್ ಆಗುತ್ತವೆ. ಹಾಗಾಗಿ ಗುರುವಾರದೊಳಗೆ ಕೆಲವು ಕೆಲಸ ಮುಗಿಸಿಕೊಳ್ಳಿ.

ಮೊದಲು ಸರ್ಟಿಫಿಕೇಟ್. ಕೈಗೆ ಬಂದ ಕೂಡಲೇ ಹೆಸರಿನ ಸ್ಪೆಲಿಂಗ್, ಸೇರಿದ ಮತ್ತು ಮುಗಿಸಿದ ತಾರೀಖು, ಸಹಿ, ಸೀಲು ನೋಡಿಕೊಳ್ಳಿ. ಊರು ಸೇರಿದ ಮೇಲೆ ತಿದ್ದಿಸುವುದು ದೊಡ್ಡ ತಲೆನೋವು. ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್ ಕೊಟ್ಟಿದ್ದಕ್ಕೆ ನಿಮ್ಮ ಸ್ವಂತ ಇಮೇಲ್‌ಗೆ ಒಂದು ಉತ್ತರ ತರಿಸಿಕೊಳ್ಳಿ. ಆಫೀಸಿನ ಫೈಲು, ಕೋಡು ಯಾವುದನ್ನೂ ಕೇಳದೆ ಕಾಪಿ ಮಾಡಿಕೊಳ್ಳಬೇಡಿ. ನಾವೇ ಬರೆದಿದ್ದರೂ ಅದು ನಮ್ಮದಲ್ಲ. ರೂಮ್ ಖಾಲಿ ಮಾಡುವವರು ಅಡ್ವಾನ್ಸ್ ವಿಷಯ ಇವತ್ತೇ ಮಾತಾಡಿ.

ಇನ್ನೊಂದು ಕೋರಿಕೆ. ಪ್ರತಿಯೊಬ್ಬರೂ ನಿಮ್ಮ ಅನುಭವವನ್ನು ಒಂದು ಪುಟದಲ್ಲಿ ಬರೆದು ಇಲ್ಲಿ ಹಾಕಿ. ‘ತುಂಬಾ ಕಲಿತೆ’ ಅಂತಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಮೀಟಿಂಗಿನಲ್ಲಿ ಅರ್ಥವಾಗದ್ದನ್ನು ಕೇಳುವ ಧೈರ್ಯ ಯಾವಾಗ ಬಂತು, ಯಾವ ಕೆಲಸ ಅರ್ಧಕ್ಕೇ ನಿಂತಿತು, ಏಕೆ, ಇಷ್ಟು ದೊಡ್ಡ ನಗರದಲ್ಲಿ ಒಬ್ಬರೇ ಇರುವುದು ಹೇಗಿತ್ತು, ಇವನ್ನೆಲ್ಲ ಬಿಚ್ಚಿ ಬರೆಯಿರಿ. ನನಗಂತೂ ಕೆಲಸಕ್ಕಿಂತ ಓಡಾಟದ ಸುಸ್ತೇ ಜಾಸ್ತಿ ಆಯಿತು. ಆಫೀಸಿನ ಹತ್ತಿರವೇ ರೂಮ್ ಹಿಡಿ ಅಂತ ಯಾರಾದರೂ ಮೊದಲೇ ಹೇಳಬಾರದಿತ್ತೇ! ಮುಂದಿನ ಬ್ಯಾಚಿಗೆ ಬೇಕಾಗಿರುವುದು ಇಂಥ ಮಾತುಗಳೇ. ಮೆಂಟರ್‌ಗಳ ಹೆಸರು, ಆಫೀಸಿನ ಒಳಗಿನ ವಿಷಯ ಮಾತ್ರ ಬೇಡ.

ಶಿಫಾರಸು ಪತ್ರ ಬೇಕಾದವರು ಮೆಂಟರ್ ಅವರನ್ನು ಎದುರಿಗೇ ಕೇಳಿ. ನೀವು ಮಾಡಿದ ಕೆಲಸಗಳ ಪಟ್ಟಿಯನ್ನೂ ಕೊಟ್ಟರೆ ಅವರಿಗೆ ಬರೆಯಲು ಸುಲಭ.

ಬರಹಗಳು ಭಾನುವಾರ ರಾತ್ರಿಯೊಳಗೆ ಬರಲಿ. ಓದಿದವರು ‘ಸರಿ’ ಅಂತ ಹಾಕಿ. ಸರ್ಟಿಫಿಕೇಟ್ ಇನ್ನೂ ಸಿಗದವರು ಹೆಸರು ಹಾಕಿ, ಎಲ್ಲರೂ ಒಟ್ಟಿಗೆ ಹೋಗಿ ಎಚ್‌ಆರ್ ಅವರನ್ನು ಕೇಳೋಣ.